ಎಣ್ಣೆ ಕಾಣದ ಅಚ್ಚು

ನನ್ನ ಹೆಂಡತಿಯ ಮೊದಲ ಗಂಡನಿಗೆ,

ಹೆಂಗಸರಿಗಾದರೆ ಸವತಿ ಎಂಬ ಪದವಿದೆ. ನಮ್ಮಂಥ ಗಂಡಸರಿಗೆ ಭಾಷೆಯೂ ಕೈಕೊಟ್ಟಿದೆ.

ನೀನು ಮರದಲ್ಲಿ ತೊಗಟೆಯ ವಿನ್ಯಾಸ ಕೆತ್ತಿ, ಅದರ ಮೇಲೆ ರಬ್ಬರ್ ಎರೆದು ಮಾಡಿದ ಅಚ್ಚಿನ ಹಾಳೆ ನಮ್ಮ ಕಾರ್ಖಾನೆಯಲ್ಲಿತ್ತಲ್ಲ, ಕೆತ್ತಿದ ಮರ ಗೆದ್ದಲಿನ ಪಾಲಾದ ಮೇಲೆ ಉಳಿದಿದ್ದು ಅದೊಂದೇ. ಅದನ್ನು ಹಲಗೆಗೆ ಹೊದಿಸಿ ಕಾಂಕ್ರೀಟ್ ಸುರಿದರೆ ಗೋಡೆಗೆ ತೊಗಟೆ ಮೂಡುತ್ತಿತ್ತು. ಪ್ರತಿ ಸಲವೂ ಅವಳು ಆ ಗೋಡೆಯ ಮೇಲೆ ಅಂಗೈ ಆಡಿಸುತ್ತಿದ್ದಳು. ನನ್ನ ಬೆನ್ನಿಗೂ ಅಷ್ಟು ಅಕ್ಕರೆ ಸಿಕ್ಕಿಲ್ಲ. ನೀನು ತೀರಿಹೋಗಿ ಆರು ವರ್ಷವಾದರೂ ನಿನ್ನ ಅಚ್ಚೇ ಅವಳಿಗೆ ಅಚ್ಚುಮೆಚ್ಚು, ಪುಣ್ಯಾತ್ಮ.

ಮೊನ್ನೆ ಗ್ರಂಥಾಲಯದ ಗೋಡೆಗೆ ಅಚ್ಚು ಕಟ್ಟಿದಾಗ ಎಣ್ಣೆ ಸಿಂಪಡಿಸುವ ಕೆಲಸ ನನ್ನದಾಗಿತ್ತು. ಎಣ್ಣೆಯಿಲ್ಲದಿದ್ದರೆ ಕಾಂಕ್ರೀಟು ರಬ್ಬರನ್ನು ಕಚ್ಚಿಕೊಳ್ಳುತ್ತದೆ. ಮರೆತೆ ಎನ್ನಬಹುದಿತ್ತು; ಹೇಗೂ ನೀನು ಓದುವುದಿಲ್ಲವಲ್ಲ, ಮರೆಯಲಿಲ್ಲ, ಬೇಕೆಂದೇ ಬಿಟ್ಟೆ.

ಇವತ್ತು ಎಳೆದಾಗ ರಬ್ಬರ್ ಗೋಡೆಯನ್ನು ಬಿಡಲೊಲ್ಲದು. ಕೊನೆಗೆ ಮೂರು ತುಂಡಾಗಿ ಹರಿಯಿತು.

"ಎಣ್ಣೆ ಹೊಡೆದಿದ್ರಾ?" ಎಂದಳು.

"ಎರಡು ಸಲ ಹೊಡೆದಿದ್ದೆ ಕಣೆ," ಎಂದೆ, ಬೂಟು ನೋಡುತ್ತ.

ಅವಳು ಬೈಯಲಿಲ್ಲ. ಒಂದು ತುಂಡನ್ನು ಮಡಿಲಲ್ಲಿಟ್ಟುಕೊಂಡು, ಅಂಟಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಸುಮ್ಮನೆ ನಕ್ಕಳು.

"ಅವರೂ ಹೀಗೇ. ಸುಳ್ಳು ಹೇಳುವಾಗ ಬೂಟನ್ನೇ ನೋಡೋರು."

ಸುಳ್ಳಿನಲ್ಲಾದರೂ ನಾನೇ ಮೊದಲಿಗ ಅಂದುಕೊಂಡಿದ್ದೆ.

ಪಕ್ಕದಲ್ಲಿ ಕೂತು ಇನ್ನೊಂದು ತುಂಡು ಎತ್ತಿಕೊಂಡೆ. ತೊಗಟೆಯ ಒಂದು ಬಿರುಕಿನೊಳಗೆ ನೀನು ಇರುವೆಗಳ ಸಾಲನ್ನೂ ಕೆತ್ತಿದ್ದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.