ಹನ್ನೆರಡು ಹಾಳೆ, ಹನ್ನೊಂದು ಸೀಟು

ನೆರಳೂರು ನಾಲ್ಕು, ಚಳ್ಳಕೆರೆ ಬಯಲು
ಐದನೇ ತ್ರೈಮಾಸಿಕದ ಮೂವತ್ತೆರಡನೇ ತಾರೀಕು, ಇಸವಿ ೨೨೧೭

ಇನ್ನೂರು ವರ್ಷ ಹಿಂದಿರುವ ನೌಕರ ಬಂಧುಗಳೇ,

ತಾರೀಕು ನೋಡಿ ಗಾಬರಿಯಾಗಬೇಡಿ. ನಾಲ್ಕು ತ್ರೈಮಾಸಿಕಗಳಲ್ಲಿ ಗುರಿ ಮುಟ್ಟಲಾಗಲಿಲ್ಲವೆಂದು ನಮ್ಮ ಆಡಳಿತದವರು ವರ್ಷಕ್ಕೆ ಐದನೆಯದನ್ನು ಸೇರಿಸಿದರು. ಭೂಮಿ ಮಾತ್ರ ಹಳೆಯ ಲೆಕ್ಕದಲ್ಲೇ ಸುತ್ತುತ್ತಿದೆ. ಅದಕ್ಕಿನ್ನೂ ಆದೇಶ ತಲುಪಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ನಮಗೂ ಅವು ಹಿತವಾಗಿಲ್ಲ, ಬಾಯಿಪಾಠವಾಗಿವೆ ಅಷ್ಟೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಹಿಂದಣ ಅಂಚೆ ಇಲ್ಲಿ ಬಡ್ತಿ ಪಡೆದವರಿಗೆ ಒಂದೇ ಒಂದು ಸಲ ಸಿಗುವ ಸವಲತ್ತು. ನನಗೆ ನಿನ್ನೆ ಬಡ್ತಿಯಾಯಿತು. ಅಭಿನಂದಿಸುವ ಮುನ್ನ ಪೂರ್ತಿ ಓದಿ. ಇವತ್ತು ನಾಲ್ಕು ಗಂಟೆಗೆ ಹೊರಡುವ ಬಸ್ಸಿನಲ್ಲಿ ಓಬಳಕ್ಕ ಇದ್ದಾಳೆ, ನನಗೆ ಕೆಲಸ ಕಲಿಸಿದವಳು. ಅವಳಿಗೊಂದು ನಿಜ ಹೇಳಬೇಕಾಗಿದೆ. ಧೈರ್ಯ ಬರಲೆಂದು ಮೊದಲು ನಿಮಗೆ ಹೇಳುತ್ತಿದ್ದೇನೆ.

ನೆರಳೂರು ಎಂದರೆ ಛಾವಣಿಯ ಕೆಳಗಿನ ಊರು. ಹೊರಬಯಲಿನ ಬಿಸಿಲು ಮನುಷ್ಯರು ತಡೆಯುವಂಥದ್ದಲ್ಲ. ಛಾವಣಿ ಕಂಪನಿಯದಾದ್ದರಿಂದ ನೆರಳೂ ಕಂಪನಿಯದು, ಕೆಲಸವಿರುವವರೆಗೆ ನಮ್ಮದು. ಗಾಳಿಯಿಂದ ನೀರು ಹಿಂಡುವ ಕಾರ್ಖಾನೆ ಇದು. ಬಲೆಗಳ ಮೇಲೆ ಕೂತ ಹನಿಯನ್ನು ತೊಟ್ಟಿಗಿಳಿಸುವುದು, ಧೂಳು ಒರೆಸುವುದು, ಹರಿದಲ್ಲಿ ಹೊಲಿಯುವುದು ನಮ್ಮ ಹನ್ನೆರಡು ಜನರ ಗುಂಪಿನ ಕೆಲಸ. ಮಧ್ಯಾಹ್ನಕ್ಕೆ ಮುದ್ದೆ. ಮುದ್ದೆ ಈಗಲೂ ಇದೆ, ರಾಗಿ ಇಲ್ಲ. ಪಾಚಿಯ ಹಿಟ್ಟನ್ನು ಉಂಡೆ ಕಟ್ಟಿ ಅದೇ ಹೆಸರಿನಿಂದ ಕರೆಯುತ್ತೇವೆ. ಮೇಲಿನವರನ್ನು ನಾವ್ಯಾರೂ ಕಂಡಿಲ್ಲ. ದಿನಕ್ಕೆ ನಾಲ್ಕು ಬಾರಿ ಗೋಡೆಯೊಳಗಿಂದ ಅವರ ದನಿ ಬರುತ್ತದೆ, ಅದಕ್ಕೆ ಗೋಡೆಮಾತು ಎನ್ನುತ್ತೇವೆ. ಗೋಡೆಮಾತು ನಮ್ಮನ್ನು ಕುಟುಂಬ ಎನ್ನುತ್ತದೆ. ಊಟದ ಕೋಣೆಯಲ್ಲಿ ದೊಡ್ಡಕ್ಷರದಲ್ಲಿರುವ ಘೋಷಣೆ ಮಾತ್ರ ನಾನೇ ಬರೆದುಕೊಟ್ಟದ್ದು: ‘ಹಗುರಾದರೆ ಹಾರುವೆವು, ಭಾರವಾದರೆ ಜಾರುವೆವು.’ ಪ್ರಾಸ ಚೆನ್ನಾಗಿ ಕೂತಿತ್ತು. ಅರ್ಥ ಯಾರ ಮೇಲೆ ಕೂರುತ್ತದೆಂದು ನಾನು ನೋಡಿರಲಿಲ್ಲ.

ನೀವು ಲೇಆಫ್ ಎನ್ನುವುದಕ್ಕೆ ನಮ್ಮಲ್ಲಿ ಹಗುರೀಕರಣ ಎಂದು ಹೆಸರು. ಹಿಂದೆ ಯಾರು ಹೋಗಬೇಕೆಂದು ಮೇಲಿನವರೇ ತೀರ್ಮಾನಿಸುತ್ತಿದ್ದರಂತೆ. ಜನ ಬೈಯುತ್ತಾರೆಂದು ಅದನ್ನೂ ನಮಗೇ ಒಪ್ಪಿಸಿ, ಇದು ನಿಮ್ಮ ಮೇಲಿನ ನಂಬಿಕೆ ಎಂದರು. ಈಗ ಗುಂಪಿನ ಹನ್ನೆರಡೂ ಜನ ಮೇಜಿನ ಸುತ್ತ ಕೂರಬೇಕು. ಸಂತೋಷಾಧಿಕಾರಿ ಎಂಬವನು ಚಹಾ ಬಿಸ್ಕತ್ತು ತರಿಸಿ, ಒಬ್ಬೊಬ್ಬರಿಗೂ ಒಂದೊಂದು ಹಾಳೆ ಹಂಚುತ್ತಾನೆ. ಅದರಲ್ಲಿ ಒಂದು ಹೆಸರು ಬರೆಯಬೇಕು. ಯಾರ ಹೆಸರು ಹೆಚ್ಚು ಬಂತೋ ಅವರು ಎದ್ದು ನಿಂತು, ಐದು ನಿಮಿಷ ಕೃತಜ್ಞತೆ ಹೇಳಿ, ಹೊರಬಯಲಿಗೆ ಹೋಗಬೇಕು. ಹಾಳೆ ಖಾಲಿ ಬಿಟ್ಟರೆ ಬಲಪಕ್ಕದವರ ಹೆಸರು ಬರೆದಂತೆ.

ಈ ಸಲ ಉಪಾಯ ಹೂಡಿದವಳು ಓಬಳಕ್ಕ. ಬಲೆ ಹೊಲಿಯುತ್ತಲೇ ಎಲ್ಲರಿಗೂ ಹೇಳಿದಳು. “ಅವರವರ ಹೆಸ್ರು ಅವರವರೇ ಬರ್ಕಳ್ರಪ್ಪ. ಹನ್ನೆರಡು ಹೆಸ್ರು, ತಲೆಗೊಂದೇ ಓಟು. ಆಮೇಲೆ ಯಾರನ್ನ ಕಳಿಸ್ತಾರೋ ನೋಡೇಬಿಡಾನ.” ಸೂಜಿ ಮುಟ್ಟಿ ಎಲ್ಲರೂ ಮಾತು ಕೊಟ್ಟೆವು. ನಾನೂ ಕೊಟ್ಟೆ.

ಹಾಳೆ ಕೈಗೆ ಬಂದಾಗ ನನಗೆ ಹೊಳೆದದ್ದು ಒಂದೇ: ಹನ್ನೆರಡರಲ್ಲಿ ಒಬ್ಬರಾದರೂ ಮಾತು ತಪ್ಪುತ್ತಾರೆ; ಆ ಒಬ್ಬರು ನನ್ನ ಹೆಸರು ಬರೆದರೆ ನನಗೆ ಎರಡು ಓಟು. ಹಾಗಾಗಿ ತಪ್ಪುವವನು ನಾನೇ ಆದೆ. ಓಬಳಕ್ಕನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಅವಳು ನನ್ನ ಬಲಕ್ಕೆ ಕೂತಿದ್ದಳು, ಹೆಸರು ಚಿಕ್ಕದಿತ್ತು, ಬರೆದೆ.

ಬೇರೆ ಯಾರೂ ತಪ್ಪಿರಲಿಲ್ಲ.

ಮೇಲಿನವರು ಹಾಳೆಗಳನ್ನು ನಮ್ಮಂತೆ ಓದಲಿಲ್ಲ. ನಿನ್ನೆ ಬೆಳಿಗ್ಗೆ ಗೋಡೆಮಾತು ಕೇಳಿಬಂತು: ಹನ್ನೊಂದು ಮಂದಿ ತಾವಾಗಿಯೇ ಹೊರಡಲು ಹೆಸರು ಕೊಟ್ಟಿರುವುದು ಕುಟುಂಬಕ್ಕೆ ಹೆಮ್ಮೆ, ಎಲ್ಲರ ಕೋರಿಕೆಯನ್ನೂ ಮನ್ನಿಸಲಾಗಿದೆ. ಇನ್ನೊಬ್ಬರ ಬಗ್ಗೆ ಸ್ಪಷ್ಟ ನಿರ್ಧಾರ ತಳೆದ ಏಕೈಕ ನೌಕರ ಪಾಲಯ್ಯನನ್ನು, ಎಂದರೆ ನನ್ನನ್ನು, ಸಂತೋಷಾಧಿಕಾರಿಯಾಗಿ ನೇಮಿಸಲಾಗಿದೆ. ಯಾರ ಬಗ್ಗೆ ಎಂದು ಹೇಳಲಿಲ್ಲ. ಅದು ಗೌಪ್ಯವಂತೆ.

ಈಗ ಮೂರೂವರೆ. ಹೋಗಿ ಹೇಳಿ ಬರುತ್ತೇನೆ.

ಬಂದೆ. ಬಸ್ಸು ಹೋಯಿತು. ಹನ್ನೊಂದೇ ಸೀಟಿನ ಬಸ್ಸು, ಇಂಥ ವಿಷಯದಲ್ಲಿ ಕಂಪನಿ ಬಹಳ ಚೊಕ್ಕ. ಬಾಗಿಲ ಬಳಿ ಕೂತಿದ್ದ ನಮ್ಮ ಗುಂಪಿನ ಬೋರಣ್ಣ ನನ್ನನ್ನು ಕಂಡವನೇ, “ಸಾಹೇಬ್ರು ಬಂದ್ರು, ಎದ್ದು ನಿಂತ್ಕಳ್ರೋ. ಕೃತಜ್ಞತೆ ಇನ್ನೊಂದ್ ಐದ್ ನಿಮಿಷ ಬೇಕಾಗಿತ್ತಾ ಸಾಮಿ?” ಎಂದ. ನಾನು ಓಬಳಕ್ಕನ ಕಿಟಕಿಯ ಕೆಳಗೆ ನಿಂತು ಬಾಯಿ ತೆರೆದೆ.

“ಓಬಳಕ್ಕ, ನನ್ನ ಹಾಳೇಲಿ...”

“ಸಾಕು ಸುಮ್ಕಿರು. ನೀನೊಬ್ನೇ ಉಳ್ಕಂಡಾಗ್ಲೇ ಎಲ್ರಿಗೂ ಗೊತ್ತಾಯ್ತು, ನಿನ್ನ ಹೆಸ್ರು ನೀನು ಬರ್ದಿಲ್ಲ ಅಂತ.”

“ಯಾರ ಹೆಸ್ರು ಅಂತ...”

“ಅದನ್ನ ಮಾತ್ರ ಹೇಳ್ಬ್ಯಾಡ ಕಣೋ ತಮ್ಮ. ಹನ್ನೊಂದು ಜನ ಇದೀವಿ ಇದ್ರಾಗೆ. ನನ್ನ ಹೆಸ್ರಲ್ಲ, ಪಕ್ಕದೋರ್ದು ಅಂದ್ಕಂಡು ಒಬ್ಬೊಬ್ರೂ ಹೆಂಗೋ ಹೋಗ್ತೀವಿ. ನೀನು ಹೇಳಿ ಹಗುರ ಆಗಿ ಮನೀಕಂತೀಯ, ಕೇಳಿದೋರು ಹೊತ್ಕಂಡು ಹೋಗ್ಬೇಕಲ್ಲ?”

ಬಸ್ಸು ಹೊರಟಿತು. ನಾನು ಹೇಳಲಿಲ್ಲ. ಅದಕ್ಕೇ ಈ ಕಾಗದವನ್ನು ಹರಿಯದೆ ನಿಮಗೆ ಕಳಿಸುತ್ತಿದ್ದೇನೆ. ನಿಮಗೆ ಹೇಳಿದರೆ ಅವಳಿಗೆ ಮುಟ್ಟುವುದಿಲ್ಲ.

ಒಂದು ಬೇಡಿಕೆ ಇದೆ. ಮುಂದೊಂದು ದಿನ ನಿಮ್ಮ ಆಫೀಸಿನಲ್ಲಿ ಚಹಾದ ಜೊತೆ ಒಂದು ಹಾಳೆ ಬರುತ್ತದೆ. ‘ನಿಮ್ಮ ಗುಂಪಿನಲ್ಲಿ ಯಾರಿಲ್ಲದಿದ್ದರೂ ಕೆಲಸ ನಡೆಯುತ್ತದೆ?’ ಎಂಬ ಒಂದೇ ಪ್ರಶ್ನೆ ಇರುತ್ತದೆ. ಸುಮ್ಮನೆ ಅಭಿಪ್ರಾಯ ಸಂಗ್ರಹ, ಇದರಿಂದ ಯಾರಿಗೂ ತೊಂದರೆಯಿಲ್ಲ ಎನ್ನುತ್ತಾರೆ. ಆ ಹಾಳೆಯನ್ನು ಮೇಜಿನ ಮೇಲೆ ಇಳಿಯಗೊಡಬೇಡಿ. ಒಮ್ಮೆ ಇಳಿಯಿತೆಂದರೆ ಮುಗಿಯಿತು. ಆಮೇಲೆ ನಿಮ್ಮ ಹೆಸರು ಬರೆದರೂ, ಇನ್ನೊಬ್ಬರದು ಬರೆದರೂ, ಖಾಲಿ ಬಿಟ್ಟರೂ ಬಸ್ಸು ತುಂಬುತ್ತದೆ. ನೀವು ತಡೆಯುತ್ತೀರೆಂಬ ಭರವಸೆ ನನಗಿಲ್ಲ. ತಡೆದಿದ್ದರೆ ನಾನಿವತ್ತು ಬಲೆ ಹೊಲಿಯುತ್ತಿರುತ್ತಿದ್ದೆ.

ನಮ್ಮ ಜಾಗಕ್ಕೆ ಬಂದಿರುವ ಹೊಸ ಗುಂಪಿಗೆ ನಾಳೆ ಹತ್ತಕ್ಕೆ ಹಗುರೀಕರಣದ ಸಭೆ, ಹಾಳೆ ಹಂಚುವವನು ನಾನು. ಮಧ್ಯಾಹ್ನ ಅವರು ಬಲೆಯ ಹಿಂದೆ ಪಿಸುಗುಟ್ಟುವುದನ್ನು ಕೇಳಿದೆ. ಎಲ್ಲರೂ ತಂತಮ್ಮ ಹೆಸರೇ ಬರೆಯುತ್ತಾರಂತೆ. ಹಾಗೆ ಬರೆಯಬೇಡಿ ಎಂದು ನಾನು ಹೇಳಿದರೆ ಒಬ್ಬರನ್ನೊಬ್ಬರು ಬರೆಯುತ್ತಾರೆ. ನಾನು ಸುಮ್ಮನಿದ್ದರೆ ಹನ್ನೆರಡೂ ಜನ ಹೋಗುತ್ತಾರೆ. ಅವರಲ್ಲೊಬ್ಬಳು ಈಗಷ್ಟೇ ಬಾಗಿಲಲ್ಲಿ ನಿಂತು, “ಸಾರ್, ನಾಳೆ ಪೆನ್ನು ನಾವೇ ತರ್ಬೇಕಾ?” ಎಂದು ಕೇಳಿದಳು.

ಬೇಡಮ್ಮ, ಕಂಪನಿಯೇ ಕೊಡುತ್ತದೆ ಎಂದೆ.

ಇಂತು ನಿಮ್ಮ ನಂತರದವನು,
ಪಾಲಯ್ಯ
ಸಂತೋಷಾಧಿಕಾರಿ, ಬಲೆ ವಿಭಾಗ