ವೈರಿಯನ್ನು ತಬ್ಬಿದ ದ್ವಾರಪಾಲಕ

ಮಯೂರ್ ವಿಹಾರ್, ಅಕ್ಟೋಬರ್ 2006

ಸರಸೂ,

ನೀನು ತೀರಿಕೊಂಡು ವರ್ಷವಾಯಿತು, ಓದಲಾರೆ. ಆದರೂ ಎದೆ ಬಿರಿಯುವಷ್ಟು ಗಟ್ಟಿಯಾಗಿ ಬರೆಯುತ್ತೇನೆ, ಕೇಳು! ನಮ್ಮ ಸೃಜನ್‌ಗೆ ಮತ್ತೆ ಡೆಂಗ್ಯೂ. ನೀನಿದ್ದಾಗ ಬಂದದ್ದು ವೈರಸ್ಸಿನ ಒಂದು ಬಗೆ, ಇದು ಇನ್ನೊಂದು. "ಒಮ್ಮೆ ಬಂದುಹೋಗಿದೆ, ಇನ್ನೇನು ಮಾಡೀತು!" ಎಂದು ನಾನೇ ಘರ್ಜಿಸಿದ್ದೆ.

ಇವತ್ತು ವಾರ್ಡಿನಲ್ಲಿ ನಮ್ಮ ಕಡೆಯ ಹುಡುಗಿ, ಡಾಕ್ಟರ್ ಹರಿಣಿ, ಬಿಡಿಸಿ ಹೇಳಿದಳು. "ಅಂಕಲ್, ಹಳೇ ಜ್ವರದಲ್ಲಿ ಮೈ ಕಾವಲಿಗೆ ಹುಟ್ಟಿಸಿಕೊಂಡ ಪ್ರತಿಕಾಯ ಈ ವೈರಸ್ಸನ್ನ ಅರ್ಧಂಬರ್ಧ ಗುರುತಿಸಿ ಅಂಟಿಕೊಳ್ಳುತ್ತೆ, ಆದರೆ ಕೊಲ್ಲೋಕಾಗಲ್ಲ. ಜೀವಕೋಶದ ಮೇಲೆ ಪ್ರತಿಕಾಯದ ಬಾಲ ಹಿಡಿಯೋ ಕೊಂಡಿ, ರಿಸೆಪ್ಟರ್, ಇರುತ್ತೆ. ಅದು ನಮ್ಮವನೇ ಅಂತ ಎರಡನ್ನೂ ಒಳಗೆ ಎಳ್ಕೊಳ್ಳುತ್ತೆ. ವೈರಸ್ ಅಲ್ಲೇ ಹೆಚ್ಚುತ್ತೆ."

"ಅಚ್ಛಾ! ದ್ವಾರಪಾಲಕನೇ ವೈರಿಯನ್ನು ತಬ್ಬಿಕೊಂಡು ಅಂತಃಪುರಕ್ಕೆ ತಂದನೇ!" ನನ್ನ ಕಂಠಕ್ಕೆ ಇಡೀ ವಾರ್ಡು ತಿರುಗಿತು.

"ಧೀರೇ ಅಪ್ಪಾ, ಮೆಲ್ಲಗೆ, ಎಲ್ಲರೂ ನೋಡ್ತಿದ್ದಾರೆ," ಎಂದ ಸೃಜನ್, ಕಣ್ಣು ತೆರೆಯಲಾರದೆ.

ಉಳಿಯುತ್ತಾನಾ ಎಂದು ಹರಿಣಿಯನ್ನು ಪಿಸುಮಾತಿನಲ್ಲಿ ಕೇಳಿದೆ. ನನಗೂ ಪಿಸುಮಾತು ಬರುತ್ತದೆ, ಸರಸೂ. ಅವಳು ಡ್ರಿಪ್ ಸರಿಮಾಡಿದಳು.

ಅವನ ಬಟ್ಟೆ ಒಯ್ಯಲು ಮನೆಗೆ ಬಂದೆ. ಪ್ರತಿ ಭಾನುವಾರ ನೀನು ಬರಿದು ಮಾಡಿ ಒಣಗಿಸುತ್ತಿದ್ದ ಕೂಲರಿನ ನೀರಿನ ತೊಟ್ಟಿಯನ್ನು ತೆರೆದೆ. ನಿಂತ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವು. ಚೆಲ್ಲಿದೆ. ತೊಟ್ಟಿಯನ್ನು ಉಜ್ಜಿ ಉಜ್ಜಿ ತೊಳೆದು, ನೀನು ಇಡುತ್ತಿದ್ದ ಜಾಗದಲ್ಲೇ ಬಿಸಿಲಿಗಿಟ್ಟಿದ್ದೇನೆ.