ಕೋವಿಗೆ ಕನ್ನಡಕ

ಆಗಸ್ಟ್ 28, ಗುರುವಾರ

ಬೆಳಗೋಡಿಗೆ ಗೊಬ್ಬರ ಇಳಿಸಿ ಬಂದೆ. ಪಿಕಪ್ಪಿನ ಎಡಗಡೆ ಬಾಗ್ಲು ಈಗ ಒದ್ರೆ ಮಾತ್ರ ತೆಗೀತದೆ. ನಿನ್ ಗಂಡನ ಥರಾನೇ ಅಂತ ಗಂಗಾಮಣಿಗೆ ಹೇಳ್ದೆ. ಹೆಂಡ್ತಿ ನಗ್ಲಿಲ್ಲ. ನಿನ್ನೆ ಹಬ್ಬದೂಟದ ಸಿಟ್ಟು ಇನ್ನೂ ಐತೆ.

ಕುಂದೂರಿಂದ ಅವಳಣ್ಣ ಸೋಮಯ್ಯ ಭಾವ ಊಟಕ್ಕೆ ಬಂದಿದ್ದ. ಕಡುಬು ಮುರೀತಾ ಕೇಳ್ದ — ಎರಡು ವರ್ಷದಿಂದ ಕೋವೀಲಿ ತೆಂಗಿನಕಾಯಿ ಹೊಡ್ಯೋ ಪಂದ್ಯಕ್ಕೆ ಯಾಕೆ ಬರ್ಲಿಲ್ಲ ಅಂತ. ಬೆನ್ನು ನೋವು ಅಂದೆ. ಗೊಬ್ಬರದ ಮೂಟೆ ಹೊರೋ ಬೆನ್ನಿಗೆ ಕೋವಿ ಭಾರವಾ ಅಂದ. ಎಲ್ರೂ ನಕ್ರು. ನಾನೂ ನಕ್ಕೆ. ಡಿಸೆಂಬರಿಗೆ ಲೈಸೆನ್ಸ್ ರಿನ್ಯೂವಲ್ ಬೇರೆ. ಹೊಡೀದೇ ಇರೋ ಕೋವಿಗೆ ಸ್ಟೇಷನ್ನು, ಆಫೀಸು ಅಂತ ಅಲೆಯೋದ್ಯಾಕೆ, ನಮ್ಮಣ್ಣಂಗೆ ಕೊಟ್ಬುಡಿ ಅಂದ್ಲು ಇವ್ಳು. ಭಾವಂಗೆ ಲೈಸೆನ್ಸೂ ಐತೆ, ನಮ್ಮಪ್ಪನ ಪಾಯಿಂಟ್ ಟೂ-ಟೂ ಕೋವಿ ಮೇಲೆ ಕಣ್ಣೂ ಐತೆ.

ನನ್ ಬಾಯಿ ಸುಮ್ನಿರ್ಬೇಕಲ್ಲ.

"ಈ ಆಯುಧಪೂಜೆ ಪಂದ್ಯದಾಗೆ ಕಾಯಿ ಒಡೀದಿದ್ರೆ ಕೋವಿ ನಿಂದೇ ಭಾವ" ಅಂದ್ಬುಟ್ಟೆ. ಅವ್ವನ ಮುಂದೆ. ಎಲೆ ಮುಂದೆ ಕೂತ್ಕೊಂಡು.

ನಿಜ ಏನಂದ್ರೆ... ಬೆನ್ನಲ್ಲ, ಕಣ್ಣು. ಐವತ್ತೆರಡಾಯ್ತು. ನಳಿಗೆ ತುದೀಲಿರೋ ಗುರಿಕಾಳು ಬರೀ ಮಂಜು. ಅದನ್ನ ನೋಡಿದ್ರೆ ಕಾಯಿ ಕಾಣಲ್ಲ, ಕಾಯಿ ನೋಡಿದ್ರೆ ಅದು ಕಾಣಲ್ಲ. ಯಾರಿಗೂ ಹೇಳಿಲ್ಲ. ಊರ್ನೆಲ್ಲ ನಗ್ಸೋನು ಕುರುಡ ಅಂದ್ರೆ, ಆಮೇಲೆ ನಗೋದು ಬೇರೆ ಥರ.

ಸೆಪ್ಟೆಂಬರ್ 6

ಕುಂದೂರು ಯುವಕ ಸಂಘದ ಪೋಸ್ಟರ್ ಮೊಬೈಲಿಗೆ ಬಂತು. ಮೂರು ಸಲ ಓದ್ದೆ. ಪಂದ್ಯ ಆಯುಧಪೂಜೆ ಕಳೆದ್ಮೇಲೆ, ಅಕ್ಟೋಬರ್ ಐದು, ಭಾನುವಾರ. ನಲವತ್ತೈದು ದಾಟಿದೋರಿಗೆ ಈ ವರ್ಷ ಬೇರೆ ವಿಭಾಗ. ಅದ್ರಾಗೆ ತಲಾ ಒಂದೇ ಗುಂಡು, ಹುಡುಗ್ರಿಗೆ ಎರಡು. ಕೋವಿ ಮೇಲೆ ದುರ್ಬೀನು, ಅದೇ ಸ್ಕೋಪ್, ಹಾಕ್ಬೋದು, ಆದ್ರೆ ಹಿಗ್ಗಿಸಿ ತೋರ್ಸೋದು ನಾಲ್ಕು ಪಟ್ಟು ದಾಟಂಗಿಲ್ಲ.

ಸ್ಕೋಪ್ ಹಾಕ್ಬೋದು!

ಪಿಕಪ್ ತಿರುಗಿಸ್ಕೊಂಡು ಸೀದಾ ಪ್ರತಾಪನ ಹತ್ರ ಹೋದೆ. ಎಸ್ಟೇಟ್ ರೈಟರ್ರು, ಓದ್ಕೊಂಡೋನು, ಮೊಬೈಲಾಗೆ ಎಲ್ಲಾ ನೋಡಿರ್ತಾನೆ. ಅವನೇ ಬುಡಿಸಿ ಹೇಳ್ದ. ಮೂರು-ಒಂಬತ್ತು ಅಂತ ಬರ್ತದೆ, ಎಲ್ರೂ ಅದೇ ತಗೋತಾರೆ, ಪಂದ್ಯಕ್ಕೆ ಬಿಡಲ್ಲ. ಬರೀ ನಾಲ್ಕು ಅಂತ ಬರ್ತದೆ, ಅಗ್ಗ. ಒಂದು-ನಾಲ್ಕು ಅಂತ ಬರ್ತದೆ — ಉಂಗುರ ತಿರುಗಿಸಿದ್ರೆ ಒಂದರಿಂದ ನಾಲ್ಕರ ತಂಕ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ಬೋದು. ಒಂದು ಅಂದ್ರೆ ಬರಿಗಣ್ಣಿಗೆ ಕಂಡಷ್ಟೇ.

ಸಂಜೆ ಭಾವಂಗೆ ಫೋನಲ್ಲಿ ಹೇಳ್ದೆ. ಆವಯ್ಯ ಉಸಿರು ಸಿಕ್ಕಾಕ್ಕೊಳ್ಳೋಂಗೆ ನಕ್ಕ. "ಬರಿಗಣ್ಣಿಗೆ ಕಾಣೋದನ್ನೇ ಕಾಣಕ್ಕೆ ದುಡ್ಡು ಕೊಡ್ತೀಯೇನೋ ಯೋಗಾನಂದ?"

ಕೊಡ್ತೀನಿ ಅಂದೆ. ನೀನೂ ಮುದುಕರ ವಿಭಾಗಕ್ಕೆ ಬಾ ಅಂದೆ. ನಾನ್ಯಾಕೆ ಬರ್ಲಿ, ಹುಡುಗ್ರ ಜೊತೇಲೆ ಹೊಡೀತೀನಿ ಅಂದ. ಅವಂಗೆ ಐವತ್ತೆಂಟು!

ಸೆಪ್ಟೆಂಬರ್ 15, ಸೋಮವಾರ

ಹಾಸನ. ಹೋಗೋವಾಗ ಇವ್ಳು ಹೇಳಿ ಕಳ್ಸಿದ್ಲು — ಮೆಣಸಿನ ದುಡ್ಡಲ್ಲಿ ಹದಿನೈದು ಸಾವಿರದ ಮೇಲೆ ಮುಟ್ಟಿದ್ರೆ ಕೋವಿ ಜೊತೆ ನಿಮ್ಮನ್ನೂ ನಮ್ಮಣ್ಣಂಗೆ ಕೊಟ್ಬುಡ್ತೀನಿ ಅಂತ.

ಅಂಗಡಿಯೋನು ಮೊದ್ಲು ಮೂರು-ಒಂಬತ್ತೇ ಕೊಟ್ಟ. ಒಂಬತ್ತಕ್ಕಿಟ್ಟು ರಸ್ತೆ ಆಚೆ ಎಳನೀರು ಗಾಡಿ ನೋಡ್ದೆ. ಕಾಯಿ ಕಾಣಲ್ಲ, ಬರೀ ಸಿಪ್ಪೆ. ನನ್ ಕೈ ನಡುಕ ಕೂಡ ಒಂಬತ್ತು ಪಟ್ಟು. ಭೂಕಂಪ ಆದಂಗೆ. ಬೇಡ ಅಂದೆ. ಆಮೇಲೆ ಬರೀ ನಾಲ್ಕು. ಚೆನ್ನಾಗೇ ಐತೆ, ಆದ್ರೆ ಒಳಗೆ ಕಾಣೋ ಕಿಟಕಿ ಸಣ್ಣದು. ಎಳನೀರೋನು ಪಕ್ಕಕ್ಕೆ ಸರಿದ, ಹುಡುಕೋ ಹೊತ್ಗೆ ಗಿರಾಕಿ ಕುಡ್ದು ಹೋಗ್ಬುಟ್ಟಿದ್ದ.

ಕೊನೇಗೆ ಒಂದು-ನಾಲ್ಕು. ಕಣ್ಣಿನ ಕಡೆ ತಿರುಪು ತಿರುಗಿಸಿ, ಒಳಗಿನ ಗುರಿ ಗೀಟು ನಿಮ್ ಕಣ್ಣಿಗೆ ಸರಿಯಾಗೋ ತಂಕ ತಿರುಗ್ಸಿ ಅಂದ. ತಿರುಗಿಸ್ದೆ... ತಿರುಗಿಸ್ದೆ... ಕಪ್ಪು ಗೀಟು ಬ್ಲೇಡಿನಂಗೆ ಬಂದು ನಿಂತ್ಕೊಂತು. ಹಿಂದೆ ಬಸ್ಸಿನ ಬೋರ್ಡು. ಗೀಟೂ ಕಾಣ್ತದೆ, ಬೋರ್ಡೂ ಕಾಣ್ತದೆ. ಎರಡೂ ಒಟ್ಗೆ! ಬೇಲೂರು ಅಂತ ಜೋರಾಗಿ ಓದ್ಬುಟ್ಟೆ. ಬೇಲೂರಿಗಾ ಸಾರ್ ಹೋಗ್ಬೇಕು ಅಂದ ಅಂಗಡಿಯೋನು.

ರೇಟು ಇಪ್ಪತ್ತೆರಡು. ಎದ್ದು ಬಾಗ್ಲ ತಂಕ ಬಂದೆ. ಕರೆದ. ಇದೇ ಥರದ್ದು ಇನ್ನೊಂದೈತೆ, ಗೀಟಿಗೆ ಕೆಂಪು ಲೈಟ್ ಬರ್ಬೇಕು, ಅದು ಕೆಟ್ಟೋಗೈತೆ, ಗಾಜು ಮಾತ್ರ ಕ್ಲೀನು, ಹದ್ನಾಲ್ಕೂವರೆ ಅಂದ. ಲೈಟ್ ಯಾಕಪ್ಪ, ನಮ್ಮೂರಾಗೇ ಕರೆಂಟಿಲ್ಲ ಅಂದೆ.

ತಗಂಡೆ ಮಾರಾಯ! ಬಸ್ಸಲ್ಲಿ ಬರೋವಾಗ ತೊಡೆ ಮೇಲೆ ಇಟ್ಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಅಮ್ಮ, ಟಾನಿಕ್ಕಾ ಅಂತ ಕೇಳ್ದ್ರು.

ಸೆಪ್ಟೆಂಬರ್ 27

ಸಂಘದವ್ರ ಮಣ್ಣುದಿಣ್ಣೆ ಹತ್ರ ಇಡೀ ದಿನ. ಪ್ರತಾಪ ತಿರುಪು ತಿರುಗ್ಸೋನು, ನಾನು ಹೊಡ್ಯೋನು. ಮೊದ್ಲು ಗುಂಡು ಗುರಿಗಿಟ್ಟ ರಟ್ಟಿನ ಹೊರಗೆ. ಬಲಕ್ಕೆ ತಿರುಗ್ಸೋ ಅಂದ್ರೆ ಎಡಕ್ಕೆ ತಿರುಗಿಸ್ದ. ಓದಿದ್ಯಾ ಇಲ್ವಾ ಅಂದೆ. ಮಧ್ಯಾಹ್ನದ ಮೇಲೆ ಒಂದರ ಪಕ್ಕ ಒಂದು ಬಿದ್ವು. ನಾಲ್ಕಕ್ಕಿಟ್ರೆ ಅಂಗೈ ಅಗಲದಾಗೆ ಎಲ್ಲಾ ಗುಂಡು.

ಎರಡು ವರ್ಷ ಆಯ್ತು ಹಿಂಗೆ ಹೊಡ್ದು. ದಿಣ್ಣೆ ಮೇಲೆ ಕೂತು ಒಬ್ನೇ ನಕ್ಕೆ. ಏನಾಯ್ತಣ್ಣ ಅಂದ ಪ್ರತಾಪ. ಬೆನ್ನು ನೋವು ಹೋಯ್ತು ಕಣೋ ಅಂದೆ.

ಅಕ್ಟೋಬರ್ 1, ಆಯುಧಪೂಜೆ

ಕೆಟ್ಟೆ.

ಪಿಕಪ್ ತೊಳ್ದು ನಿಂಬೆಹಣ್ಣು ಹತ್ತಿಸಿ ಒಳಗೆ ಬಂದೆ. ಕತ್ತಿ, ಕೊಡಲಿ, ಕೋವಿ ಎಲ್ಲಾ ಮಣೆ ಮೇಲೆ. ಅವ್ವ ಪೂಜೆ ಮುಗಿಸಿ ಕೂತೈತೆ. ಸ್ಕೋಪಿನ ಮುಂದಿನ ಗಾಜಿನ ತುಂಬಾ ಕುಂಕುಮ, ನೀರಲ್ಲಿ ಕಲ್ಸಿ ನುಣ್ಣಗೆ ಬಳ್ದೈತೆ.

"ಅವ್ವ, ಅಲ್ಲಿಗ್ಯಾಕೆ ಇಟ್ಟೆ?"

"ಕೋವಿಗೆ ಕಣ್ಣು ತಂದಿದೀನಿ ಅಂತ ನೀನೇ ಅಂದೆ. ಕಣ್ಣಿಗಿಡ್ದೆ ಬೆನ್ನಿಗಿಡ್ಲಾ?"

ನಮ್ಮನೇಲಿ ಅಪ್ಪ ಮಾಡಿದ ಕಟ್ಟು ಒಂದೈತೆ. ಪೂಜೆ ಕುಂಕುಮ ಮೊದಲ ಗುಂಡು ಹಾರೋ ತಂಕ ಒರೆಸಂಗಿಲ್ಲ. ಆ ಮೊದಲ ಗುಂಡು ಪಂದ್ಯದ ಕಾಯಿಗೇ ಹೋಗ್ಬೇಕು. ಮುಂಚೆ ಹಿಡಿ ಮೇಲೆ ಇಡ್ತಿದ್ರು, ಯಾರಿಗೂ ತೊಂದ್ರೆ ಇರ್ಲಿಲ್ಲ. ಅಪ್ಪನ ಕಾಲದಾಗೆ ಸ್ಕೋಪ್ ಎಲ್ಲಿತ್ತು.

ಇರೋದು ಒಂದೇ ಗುಂಡು.

ಗಂಗಾಮಣಿ ಅಡಿಗೆಮನೇಲಿ ಮೆಲ್ಲಗೆ ಅಂದ್ಲು, ಒದ್ದೆ ಬಟ್ಟೇಲಿ ಒರೆಸ್ಕಳಿ, ನಾನೇನೂ ನೋಡ್ಲಿಲ್ಲ ಅಂತ. ಕೋವಿ ಹೋಗ್ಲಿ ಅಂದಿದ್ದೋಳೇ. ಬಟ್ಟೆ ಕೈಗೆ ತಗಂಡೆ. ಇಟ್ಬುಟ್ಟೆ. ಅಪ್ಪನ ಕೋವಿ ಉಳ್ಸಕ್ಕೆ ಅಪ್ಪನ ಕಟ್ಟು ಮುರ್ಯೋದಾ? ಉಳ್ದ್ರೂ ಅದು ಯಾರ ಕೋವಿ ಆಯ್ತು.

ಅಕ್ಟೋಬರ್ 2

ಜಗಲೀಲಿ ಕೂತು ಗುಂಡಿಲ್ದ ಕೋವಿ ಎತ್ತಿ ನೋಡ್ದೆ. ಒಳಗೆ ಬರೀ ಕೆಂಪು. ಮಧ್ಯ ಕಪ್ಪು ಗೀಟು ಮಾತ್ರ ಚೆಂದಾಗೈತೆ. ಹಲಸಿನ ಮರ ಇಲ್ಲ, ಪ್ರಪಂಚಾನೇ ಇಲ್ಲ.

ಬೇಜಾರಾಗಿ ಎಡಗಣ್ಣೂ ತೆಗ್ದೆ.

ಗೀಟು ಹಲಸಿನ ಮರದ ಮೇಲೆ ಕೂತ್ಕೊಂಡೈತೆ!

ಮತ್ತೆ ಮುಚ್ಚಿದೆ, ಮತ್ತೆ ತೆಗ್ದೆ. ಬಲಗಣ್ಣು ಗೀಟು ನೋಡ್ತದೆ, ಎಡಗಣ್ಣು ಮರ ನೋಡ್ತದೆ, ತಲೆ ಒಳಗೆ ಎರಡೂ ಸೇರ್ಕಂತವೆ. ನಾಲ್ಕಕ್ಕೆ ತಿರುಗಿಸ್ದೆ — ಕೂಡಲ್ಲ, ತೇಲ್ತದೆ, ತಲೆ ತಿರುಗ್ತದೆ. ಒಂದಕ್ಕೆ ತಂದೆ. ಹಲಸಿನ ಕೊಂಬೆ ಮೇಲೆ ಗೀಟು ಗಟ್ಟಿ. ಆ ಕಡೆಯಿಂದ ಅವ್ವ ಬಂತು, ನಳಿಗೆ ಅವ್ವನ ಕಡೆ ತಿರುಗ್ದಂಗೆ ಕೋವಿ ಇಳಿಸಿ ಕುಣ್ದೆ. ಏನು ಮೆಟ್ಕೊಂಡೆ ಅಂತ ಕೇಳ್ತು.

ಗುಂಡು ಹಿಂಗೇ ಹೋಗ್ತದಾ? ಗೊತ್ತಿಲ್ಲ. ಹೊಡ್ದು ನೋಡಂಗಿಲ್ಲ. ಕಾಯಿ ಮುಂದೇನೇ ಗೊತ್ತಾಗ್ಬೇಕು.

ಅಕ್ಟೋಬರ್ 5, ಭಾನುವಾರ, ಸಂಜೆ

ಕೈಕಾಲು ತೊಳ್ದು ಕೂತೆ. ಬರೀತೀನಿ.

ಮೊದ್ಲು ಹುಡುಗ್ರ ವಿಭಾಗ. ಸೋಮಯ್ಯ ಭಾವ ಎರಡು ಗುಂಡೂ ಹೊಡ್ದ. ಎರಡೂ ಹೊರಗೆ. ಗಾಳಿ ಅಂದ. ಮರದ ಎಲೆ ಅಲ್ಲಾಡಿರ್ಲಿಲ್ಲ. ಯಾವಾಗ್ಲೂ ಮಾತಾಡೋನು ಹೋಗಿ ಹಿಂದೆ ಕೂತ್ಕೊಂಡ.

ಆಮೇಲೆ ನಾವು. ನನ್ ಸ್ಕೋಪ್ ನೋಡಿ ಹುಡುಗ್ರು ಬಿದ್ದು ಬಿದ್ದು ನಕ್ರು. ಯೋಗಣ್ಣ, ಕೋವಿಗೆ ಮದುವೇನಾ ಅಂದ ಒಬ್ಬ. ನಿಮ್ಮಜ್ಜಿ ಒಪ್ಪಿದ್ರೆ ಅಂದೆ. ಬಾಯಿ ಆಡ್ತಾನೇ ಗುಂಡು ತುಂಬ್ದೆ. ಐವತ್ತು ಗಜದಾಗೆ ಕಾಯಿ ನೇತಾಕಿದ್ರು. ಉಂಗುರ ಒಂದಕ್ಕೆ. ಎರಡೂ ಕಣ್ಣು ತೆಗ್ದೆ. ಕೆಂಪಿನಾಗೆ ಗೀಟು... ಗೀಟಿನ ಹಿಂದೆ ಕಾಯಿ... ಕಾಯಿ ಹಿಂದೆ ಏನೂ ಇಲ್ಲ.

ಒತ್ತಿದೆ.

ನೀರು ಚಿಮ್ಮಿದ್ದು ಮೊದ್ಲು ಕಂಡಿದ್ದು ಗಂಗಾಮಣಿಗೆ. ಅವಳ ಕೂಗು ಕೇಳೇ ನಂಗೆ ಗೊತ್ತಾಗಿದ್ದು. ಮನೇಗೆ ಒಡೆದ ಕಾಯಿ ತಂದು ಅವ್ವನ ಮುಂದೆ ಇಟ್ಟೆ. ಚಟ್ನಿಗಾಯ್ತು ಅಂತು. ಆಮೇಲೆ ಸೆರಗಲ್ಲಿ ಗಾಜು ತಾನೇ ಒರೆಸ್ತು, ಮೆಲ್ಲಗೆ, ಮಗೂ ಮುಖ ಒರೆಸ್ದಂಗೆ.

ಕೋವಿ ಮನೇಲೇ ಐತೆ.

ಅಕ್ಟೋಬರ್ 6, ಬೆಳಿಗ್ಗೆ

ನಿನ್ನೆ ಒಂದು ವಿಷ್ಯ ಬರೀಲಿಲ್ಲ. ಪಂದ್ಯ ಮುಗ್ದು ಜನ ಚದುರಿದ್ಮೇಲೆ ಭಾವ ಪಿಕಪ್ ಹತ್ರ ಬಂದ. ನನ್ ಸೋಲ್ಸಕ್ಕಲ್ಲ, ಅಣಕ್ಸಕ್ಕೂ ಅಲ್ಲ. ಕೋವಿ ಒಂದ್ಸಲ ಕೊಡು ಅಂದ. ಕುಂಕುಮ ಇನ್ನೂ ಇತ್ತು. ಎರಡೂ ಕಣ್ಣು ತೆಗೀ ಅಂದೆ. ನೋಡ್ದ. ಬಾಳ ಹೊತ್ತು ಇಳಿಸ್ಲೇ ಇಲ್ಲ.

"ಗೀಟು ಕಾಣ್ತದೆ ಕಣೋ" ಅಂದ. "ಎಷ್ಟು ವರ್ಷ ಆಗಿತ್ತು... ನಮ್ಮನೆಯವ್ಳಿಗೆ ಹೇಳ್ಬ್ಯಾಡ."

ಬೆನ್ನು ನೋವಾ ಭಾವ ಅಂದೆ. ಹೂಂ ಅಂದ. ಇಬ್ರೂ ನಕ್ಬುಟ್ವು.

ಇವತ್ತು ಹಾಸನದ ಆ ಅಂಗಡಿಗೆ ಹೋಗಣ ಅಂತ ಅವನೇ ಹೇಳ್ದ. ಹತ್ತು ಗಂಟೆಗೆ ಬರ್ತೀನಿ ಅಂದ. ಈಗಿನ್ನೂ ಏಳಾಗಿಲ್ಲ, ಕಾಫಿ ಕೂಡ ಕುಡ್ದಿಲ್ಲ, ಗೇಟ್ ಹತ್ರ ಯಾರೋ ಬಿಡ್ದಂಗೆ ಹಾರನ್ ಹೊಡೀತಾ—